ರಾತ್ರಿ ಪಾಳಿಯ ಸಿಸ್ಟರ್‌ಗೆ, ಮತ್ತೆ ಎಲ್ಲರಿಗೂ

ಬೆನ್ನಿನ ಆಪರೇಷನ್ ಆದ ಮೇಲೆ ಮತ್ತೆ ಕೆಲಸಕ್ಕೆ ಹೋಗಲು ಶುರು ಮಾಡಿದ್ದೇನೆ. ಡೊಂಬಿವಲಿಯಿಂದ ದಾದರಿಗೆ, ಅದೇ ಲೋಕಲ್‌ನಲ್ಲಿ. ವಿಚಾರಿಸಿದವರಿಗೆಲ್ಲ ಒಬ್ಬೊಬ್ಬರಾಗಿ ಹೇಳಲು ಆಗಲಿಲ್ಲ, ಅದಕ್ಕೇ ಈ ಬರಹ.

ಸೊಂಟದ ಹತ್ತಿರ ಬೆನ್ನುಮೂಳೆ ಜಾರಿತ್ತು. ಸ್ಕ್ರೂ ಹಾಕಿ ರಾಡ್ ಕೂರಿಸಿದರು. ಆಮೇಲೆ ಬಲಪಾದದ ಮೇಲೆಲ್ಲ ಉರಿ, ಆದರೆ ಮುಟ್ಟಿದರೆ ಜೋಮು. ಆಪರೇಷನ್ ಆದ ಮೇಲೆ ಇದ್ದದ್ದೇ, ಇಳಿಯುತ್ತೆ ಅಂತ ಎಲ್ಲರೂ ಸಮಾಧಾನ ಹೇಳಿದರು.

ರಾತ್ರಿ ಪಾಳಿಗೆ ಬಂದ ಸಿಸ್ಟರ್ ಹೊದಿಕೆ ಸರಿಸಿ, "ಅಂಗೂಠಾ ಊಪರ್ ಉಠಾವೋ" ಅಂದರು. ಎಡಗಾಲಿನ ಹೆಬ್ಬೆರಳು ಎದ್ದಿತು. ಬಲಗಾಲಿನದು ಅಲುಗಲೇ ಇಲ್ಲ. ಅದರ ಮೇಲೆ ತಮ್ಮ ಬೆರಳಿಟ್ಟು ಇನ್ನೊಮ್ಮೆ ಎತ್ತಲು ಹೇಳಿದರು. ಬೆಳಗಾಗಲಿ ನೋಡೋಣ ಅನ್ನಲಿಲ್ಲ. ಆಗಲೇ ಡಾಕ್ಟರಿಗೆ ಫೋನ್ ಹೋಯಿತು.

ಸ್ಕ್ರೂ ಹೋಗುವ ಮೂಳೆಯ ಭಾಗಕ್ಕೆ ಪೆಡಿಕಲ್ ಅಂತಾರೆ. ಅದರ ಒಳಮಗ್ಗುಲಿಗೆ ಅಂಟಿಕೊಂಡೇ ನರ ಇಳಿಯುತ್ತದೆ. ನನ್ನ ಒಂದು ಸ್ಕ್ರೂ ಮೂಳೆ ದಾಟಿ ನರವನ್ನು ಒತ್ತಿತ್ತು. ನರಕ್ಕೆ ಹೀಗೆ ಪೆಟ್ಟಾಗುವುದು ಅಪರೂಪ. ಡಾಕ್ಟರ್ ಏನನ್ನೂ ಮುಚ್ಚಿಡದೆ ಸಿಟಿ ಸ್ಕ್ಯಾನ್ ತೋರಿಸಿ ವಿವರಿಸಿದರು. ತಡ ಮಾಡದೆ ಸ್ಕ್ರೂ ತೆಗೆದು ಸರಿಯಾಗಿ ಕೂರಿಸಿದರು. ಆ ನೇರ ಮಾತಿಗೆ ನಾನು ಋಣಿ.

ಒತ್ತಡ ಹೋದರೂ ಪಾದ ಏಳಲಿಲ್ಲ. ನಡೆದರೆ ಬೆರಳು ನೆಲಕ್ಕೆ ತಾಗಿ ಮುಗ್ಗರಿಸುತ್ತಿದ್ದೆ, ಚಪ್ಪಲಿ ನಿಲ್ಲುತ್ತಿರಲಿಲ್ಲ. ನರ ಮತ್ತೆ ಬೆಳೆಯಬೇಕಾದರೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ ಅಂತ ಫಿಸಿಯೋ ಹುಡುಗಿ ಮೊದಲೇ ಹೇಳಿದ್ದಳು. ಸೊಂಟದಿಂದ ಮೊಣಕಾಲಿನ ಕೆಳಗಿನ ತನಕ ಎಷ್ಟು ದೂರ, ಲೆಕ್ಕ ಹಾಕಿ! ಆದರೂ ಅವಳು ಬೇಸರಪಡಲಿಲ್ಲ. ಪಾದ ಏಳದಿದ್ದರೂ ಎತ್ತುವ ಪ್ರಯತ್ನ ಬಿಡಬೇಡಿ ಅನ್ನುತ್ತಾ, ಹಿಮ್ಮಡಿ ಹಿಡಿದು ಕೂರುತ್ತಿದ್ದಳು. ಕೊನೆಗೆ ಒಂದು ದಿನ ಮೊಣಕಾಲಿನ ಕೆಳಗೆ ಸ್ನಾಯು ಸಣ್ಣಗೆ ಬಿಗಿಯಿತು. ನನಗಿಂತ ಮೊದಲು ಅವಳೇ ಕೂಗಿದಳು.

ಮನೆ ಬಿಟ್ಟು ಉಡುಪಿಯಿಂದ ಬಂದು ನಿಂತ ಅತ್ತಿಗೆ, ದಿನಾ ಬಿಸಿ ಭಾಕರಿ ಕಳಿಸಿದ ಪಕ್ಕದ ಮನೆ ಕಾಕು, ಆಸ್ಪತ್ರೆಯಲ್ಲಿ ರಾತ್ರಿ ಕಾದ ಸಂಘದ ಗೆಳೆಯರು, ನಿಮ್ಮನ್ನೆಲ್ಲ ಮರೆಯಲ್ಲ.

ನಿಮ್ಮವರಿಗೆ ಬೆನ್ನಿನ ಆಪರೇಷನ್ ಆಗಿದ್ದರೆ ಕಾಲ್ಬೆರಳು ಎತ್ತಲು ಹೇಳಿ ನೋಡಿ. ತೊಡೆಸಂದಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಒಂದು ಗಳಿಗೆಯೂ ಕಾಯಬೇಡಿ, ಡಾಕ್ಟರಿಗೆ ಹೇಳಿ.

ಉರಿ ಇನ್ನೂ ಇದೆ, ಮಾತ್ರೆ ನಡೀತಿದೆ. ದೂರ ನಡೆಯುವಾಗ ಮಾತ್ರ ಪಾದ ಎತ್ತಿ ಹಿಡಿಯುವ ಸ್ಪ್ಲಿಂಟ್ ಹಾಕುತ್ತೇನೆ. ಇದೇ ತೊಂದರೆ ಇರುವವರು ಸಂಕೋಚ ಇಲ್ಲದೆ ಕೇಳಿ, ಸಂಜೆ ಏಳರ ಮೇಲೆ ಮನೆಯಲ್ಲೇ ಇರುತ್ತೇನೆ.