ಈ ಭಾನುವಾರ ಹಸಿರು ಮೊಟ್ಟೆ!

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 5ಕ್ಕೆ ಮುಂಬೈ ಮಾಟುಂಗಾದ ನಮ್ಮ ಮನೆಯಲ್ಲಿ ಓದು. ಈ ಸಲ ದಪ್ಪ ಕಾದಂಬರಿ ಇಲ್ಲ, ಅಮೆರಿಕದ ಮಕ್ಕಳ ಲೇಖಕ ಡಾ. ಸ್ಯೂಸ್ ಅವರ ಚಿತ್ರಪುಸ್ತಕ ‘ಗ್ರೀನ್ ಎಗ್ಸ್ ಆ್ಯಂಡ್ ಹ್ಯಾಮ್’ (1960). ನಗಬೇಡಿ! ಬರೀ 50 ಬೇರೆ ಬೇರೆ ಪದಗಳನ್ನೇ ಮತ್ತೆ ಮತ್ತೆ ಬಳಸಿ ಪುಸ್ತಕ ಬರೆಯೋಕಾಗಲ್ಲ ಅಂತ ಅವರ ಪ್ರಕಾಶಕರು ಪಂಥ ಕಟ್ಟಿದ್ದರು. ಇವರು ಬರೆದೇ ಬಿಟ್ಟರು.

ಕಥೆಯಲ್ಲಿ ಸ್ಯಾಮ್ ಒಬ್ಬನಿಗೆ ಹಸಿರು ಮೊಟ್ಟೆ, ಹ್ಯಾಮ್ (ಹಂದಿಮಾಂಸ) ತಿನ್ನು ಅಂತ ಕಾಡ್ತಾನೆ, ಅವನು ಬೇಡವೇ ಬೇಡ ಅಂತಾನೆ. ಚಿಕ್ಕವಳಿದ್ದಾಗ ನಾನು ಆ ‘ಬೇಡ, ಬೇಡ’ ಅನ್ನುವವನ ಪಕ್ಷ. ನನಗೂ ಉಪ್ಪಿಟ್ಟು ಅಂದ್ರೆ ಹಾಗೇ ಇತ್ತು. ಮೊನ್ನೆ ಮತ್ತೆ ಓದಿದರೆ, ರೈಲು, ದೋಣಿ ಎನ್ನದೆ ತಟ್ಟೆ ಹಿಡಿದು ಬೆನ್ನು ಬಿದ್ದ ಸ್ಯಾಮ್ ಥೇಟ್ ನಾನೇ! ಮಗನ ಹಿಂದೆ ದಿನಾ ಅದೇ ಓಟ ಅಲ್ವಾ?

ಮಕ್ಕಳನ್ನೂ ಕರೆತನ್ನಿ. ಬರುವವರು ಶುಕ್ರವಾರದೊಳಗೆ ತಿಳಿಸಿ. ಸೆಂಟ್ರಲ್ ಲೈನಿನ ಲೋಕಲ್ ರೈಲಲ್ಲಿ ಬರುವವರು ಮೆಗಾಬ್ಲಾಕ್ (ಹಳಿ ದುರಸ್ತಿಗೆ ರೈಲು ನಿಲ್ಲಿಸೋದು) ನೋಡಿಕೊಂಡು ಹೊರಡಿ. ತಿಂಡಿ ಉಪ್ಪಿಟ್ಟೇ.