ಆಗಸ್ಟ್ ಪಕ್ಕಾ ಅಂದ ಗೆಳೆಯನಿಗೆ

ಪ್ರೀತಿಯ ದೊರೆ,

"ಈ ಸಲ ಆಗಸ್ಟ್ ಪಕ್ಕಾ" ಅಂತ ನಿನ್ನ ಮೆಸೇಜ್ ಬಂತು. ವರ್ಷಗಳಿಂದ ಬರೀ ಮಾತಲ್ಲೇ ಉಳಿದಿರುವ ನಮ್ಮ ಸ್ಕೀಯಿಂಗ್ ಪ್ರವಾಸ, ಹಿಮದ ಮೇಲೆ ಜಾರುವ ಆಸೆ. ಓದಿ ನಕ್ಕೆ. ಆಮೇಲೆ ಯಾಕೋ ಸಣ್ಣ ಹೆದರಿಕೆ ಆಯಿತು. ಯಾಕೆ ಅಂತ ಮುಂದೆ ಬರೆಯುತ್ತೇನೆ, ಧೈರ್ಯ ಬಂದರೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಫೋನುಗಳ ಕಥೆ ನಿನಗೆ ಗೊತ್ತಲ್ಲ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ಸಾಕ್ಷಿಗಳಿದ್ದರೆ ನೀನೂ ಜಾರಿಕೊಳ್ಳುವುದಿಲ್ಲ, ನಾನೂ ಜಾರಿಕೊಳ್ಳುವುದಿಲ್ಲ. ಜಾರುವುದಕ್ಕೇ ತಾನೇ ಹೋಗುತ್ತಿರುವುದು ಅನ್ನಬೇಡ. ಆ ಜೋಕಿಗೆ ಈಗ ಮೀಸೆ ಬಂದಿದೆ.

ಓದುತ್ತಿರುವ ಉಳಿದ ಪುಣ್ಯಾತ್ಮರಿಗೆ ಒಂದು ಮಾತು: ಮಧ್ಯದಲ್ಲಿ ನೀಲಿ ಬಕೆಟ್ಟಿನ ವಿಷಯ ಬಂದರೆ ಏನು ಅಂತ ಕೇಳಬೇಡಿ. ನಾವು ಇಬ್ಬರೇ ಬಲ್ಲ ಸಂಗತಿ ಅದು, ಹಾಗೇ ಇರಲಿ.

ಮೊದಲು ಎಲ್ಲಿಗೆ ಅನ್ನುವುದನ್ನು ಮುಗಿಸೋಣ. ನಿನ್ನ ದುಬೈ ಸಲಹೆಯನ್ನು ಗೌರವದಿಂದ ತಳ್ಳಿಹಾಕಿದ್ದೇನೆ. 2005ರಿಂದ ಅಲ್ಲಿನ ಮಾಲಿನೊಳಗೆ ಹನ್ನೆರಡು ತಿಂಗಳೂ ಹಿಮ ಇದೆ, ಒಪ್ಪಿದೆ. ಹೊರಗೆ ಬಂದರೆ ಊಟ, ಅದನ್ನೂ ಒಪ್ಪಿದೆ. ಆದರೆ ಅಲ್ಲಿ ಎಲ್ಲಕ್ಕಿಂತ ಉದ್ದದ ಇಳಿಜಾರು 400 ಮೀಟರ್. ನೀನು ಒಮ್ಮೆ ಬಿದ್ದು ಉರುಳಿದರೆ ಅರ್ಧ ಪ್ರವಾಸ ಮುಗಿದಂತೆ. ನಮಗೆ ಬೇಕಾದದ್ದು ಬೆಟ್ಟ, ಚಾವಣಿ ಅಲ್ಲ.

ಅಮೆರಿಕದ ಒರೆಗಾನ್‌ನಲ್ಲಿ ಮೌಂಟ್ ಹುಡ್ ಬೆಟ್ಟದ ಮೇಲಿನ ಟಿಂಬರ್‌ಲೈನ್ ಅನ್ನುವ ಸ್ಕೀ ಜಾಗ ನನಗೆ ಮೊದಲಿಂದಲೂ ಇಷ್ಟ. ಅಲ್ಲಿನ ಲಾಡ್ಜ್ ಅನ್ನು 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಬಂದು ಉದ್ಘಾಟಿಸಿದ್ದರು. ದೊಡ್ಡ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯಲ್ಲಿ ಕಟ್ಟಿದ ಕಟ್ಟಡ ಅದು. ಕೆಲಸವಿಲ್ಲದ ಬಡಗಿಗಳು, ಕಲ್ಲುಕೆಲಸದವರು ಸೇರಿ ಕಟ್ಟಿದ್ದು. ಈ ವಿವರವನ್ನು ನಿನಗೆ ಎಷ್ಟೋ ಸಲ ಹೇಳಿದ್ದೇನೆ, ನೀನು ಎಷ್ಟೋ ಸಲ ಆಕಳಿಸಿದ್ದೀಯ. ಬೇಸಿಗೆಯಲ್ಲಿ ಅಲ್ಲಿ ಹಿಮಕ್ಕೆ ಉಪ್ಪು ಎರಚುತ್ತಾರೆ. ಉಪ್ಪು ತಾಗಿದ ಹಿಮ ಸ್ವಲ್ಪ ಕರಗುತ್ತದೆ, ಕರಗುವಾಗ ಸುತ್ತಲಿನ ಶಾಖ ಎಳೆದುಕೊಳ್ಳುತ್ತದೆ, ಆ ನೀರು ಮತ್ತೆ ಹೆಪ್ಪುಗಟ್ಟಿ ಮೊದಲಿಗಿಂತ ಗಟ್ಟಿಯಾಗುತ್ತದೆ. ಕರಗಿಸಿಯೇ ಗಟ್ಟಿ ಮಾಡುವುದು. ಚೆನ್ನಾಗಿದೆ ಅಲ್ವಾ?

ಆಸ್ಟ್ರಿಯಾದ ಟಿರೋಲ್‌ನಲ್ಲಿ ಹಿಂಟರ್‌ಟುಕ್ಸ್ ಇದೆ. 3,250 ಮೀಟರ್ ಎತ್ತರದವರೆಗೆ ಲಿಫ್ಟ್, ವರ್ಷದ 365 ದಿನವೂ ಹಿಮನದಿಯ ಮೇಲೆ ಸ್ಕೀಯಿಂಗ್ ಅನ್ನುವುದೇ ಅವರ ಹೆಗ್ಗಳಿಕೆ. ಯೂರೋದಲ್ಲಿ ಖರ್ಚು, ಸ್ವಿಸ್ ಫ್ರಾಂಕಿನಷ್ಟು ಎದೆ ನಡುಗುವುದಿಲ್ಲ. ಬುದ್ಧಿ ಇದ್ದವರು ಅಲ್ಲಿಗೇ ಹೋಗುತ್ತಾರೆ. ಆದರೆ ನೀನು ಎಂದೋ ಒಂದು ರಾತ್ರಿ ಜರ್ಮಾಟ್ ಅಂತ ಬಾಯಿಬಿಟ್ಟೆ, ಮುಗಿಯಿತು. ಸ್ವಿಟ್ಜರ್ಲೆಂಡೇ ಸರಿ. ಸಾಲ ಮಾಡಿಯಾದರೂ.

ಹಾಗಾಗಿ ಜರ್ಮಾಟ್ ವಿಷಯ ಕೇಳು. ಊರಿಗೆ ಕಾರು ಬಿಡುವುದಿಲ್ಲ. ಕಾರಲ್ಲಿ ಬಂದವರು ಕೆಳಗಿನ ಟೆಶ್‌ನಲ್ಲಿ ನಿಲ್ಲಿಸಿ ಪುಟ್ಟ ರೈಲು ಹತ್ತಬೇಕು. ಊರೊಳಗೆ ಓಡಾಡುವುದು ಬ್ಯಾಟರಿ ಗಾಡಿಗಳು. ಊರು ಇರುವುದು ಸುಮಾರು 1,600 ಮೀಟರ್ ಎತ್ತರದಲ್ಲಿ. ಅಲ್ಲಿಂದ ಕೇಬಲ್ ಕಾರ್ ಬದಲಿಸುತ್ತಾ ಟ್ರೊಕೆನರ್ ಸ್ಟೆಗ್ ಅನ್ನುವ ನಿಲ್ದಾಣ, ಅಲ್ಲಿಂದ ಮೇಲೆ ಕ್ಲೈನ್ ಮ್ಯಾಟರ್‌ಹಾರ್ನ್ ಅನ್ನುವ ಶಿಖರ, 3,883 ಮೀಟರ್. ಯುರೋಪಿನಲ್ಲಿ ಇದಕ್ಕಿಂತ ಎತ್ತರದ ಕೇಬಲ್ ಕಾರ್ ನಿಲ್ದಾಣ ಇಲ್ಲ. ಕೊನೆಯ ಹಂತದ ಹೊಸ ಗೊಂಡೋಲ 2018ರಲ್ಲಿ ಶುರುವಾಯಿತು. ಅದರಲ್ಲಿ ಸುಮಾರು ಒಂಬತ್ತು ನಿಮಿಷ ಕೂರಬೇಕು. ಈ ಒಂಬತ್ತು ನಿಮಿಷ ನೆನಪಿಟ್ಟುಕೋ.

ಊರಿಂದ ಅಷ್ಟು ಎತ್ತರಕ್ಕೆ ಒಂದು ಗಂಟೆಯೊಳಗೆ ತಲುಪಿಬಿಡುತ್ತೇವೆ. ಮೈಗೆ ಅದು ಗೊತ್ತಾಗುವಷ್ಟರಲ್ಲಿ ತಲೆ ಭಾರ. ಸಮುದ್ರಮಟ್ಟದಲ್ಲಿ ಸಿಗುವ ಆಮ್ಲಜನಕದ ಮೂರನೇ ಎರಡು ಭಾಗವೂ ಒಂದು ಉಸಿರಿಗೆ ಸಿಗುವುದಿಲ್ಲ. ಹಾಗಾಗಿ ಮೊದಲ ದಿನ ಊರಲ್ಲೇ ಸುಮ್ನೆ ನಡೆಯುವುದು, ನೀರು ಕುಡಿಯುವುದು. ನೀನು ಕುಡಿಯುವ ಇನ್ನೊಂದು ಬೇಡ. ಸನ್‌ಸ್ಕ್ರೀನ್ ಮೂಗಿನ ಹೊಳ್ಳೆಯ ಕೆಳಗೂ, ಗದ್ದದ ಅಡಿಗೂ ಹಚ್ಚಬೇಕು. ಹೊಸ ಹಿಮ ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣದಲ್ಲಿ ಶೇಕಡಾ 80ರಷ್ಟನ್ನು ವಾಪಸ್ ಕಳಿಸಬಲ್ಲದು. ಬಿಸಿಲು ಕೆಳಗಿಂದಲೂ ಬರುತ್ತದೆ ಕಣೋ.

ಆಗಸ್ಟ್‌ನಲ್ಲಿ ಸ್ಕೀಯಿಂಗ್ ಅಂದರೆ ಬೆಳಗಿನ ಕೆಲಸ. ರಾತ್ರಿ ಹೆಪ್ಪುಗಟ್ಟಿದ ಮೇಲ್ಮೈ ಮುಂಜಾನೆ ಕಲ್ಲಿನ ಹಾಗೆ ಇರುತ್ತದೆ. ಬಿಸಿಲು ತಾಗಿದ ಮೇಲೆ ಸ್ವಲ್ಪ ಹೊತ್ತು ಹದವಾಗಿರುತ್ತದೆ. ಆಮೇಲೆ ಕೆಸರು. ಮಧ್ಯಾಹ್ನಕ್ಕೆ ಆಟ ಮುಗಿಯಿತು. ಅದಕ್ಕೇ ರಾಷ್ಟ್ರೀಯ ತಂಡಗಳು ಬೆಳಕು ಹರಿಯುವಾಗಲೇ ಬಂದು ಅಭ್ಯಾಸ ಮಾಡುತ್ತವೆ. ಒಲಿಂಪಿಕ್ಸ್‌ಗೆ ತಯಾರಾಗುವವರ ಪಕ್ಕದಲ್ಲಿ ನಾವಿಬ್ಬರು. ಹೊಸಬರಿಗೆ ಹೇಳಿ ಮಾಡಿಸಿದ ಜಾಗ ಅಲ್ಲ ಅದು. ಕಲಿಸುವವರನ್ನು ಮೊದಲೇ ಗೊತ್ತು ಮಾಡಿಕೊಂಡೇ ಹೋಗೋಣ.

ಟಿ-ಬಾರ್, ಅಂದರೆ ನಮ್ಮನ್ನು ಇಳಿಜಾರಿನ ಮೇಲಕ್ಕೆ ಎಳೆದೊಯ್ಯುವ ಲಿಫ್ಟ್, ಅದರ ಬಗ್ಗೆ ಬೇರೆಯಾಗಿ ಬರೆಯಲೇಬೇಕು. ಹಿಮನದಿ ನಿಂತಿರುವುದಿಲ್ಲ, ನಮ್ಮ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಕೆಳಗೆ ಸರಿಯುತ್ತಲೇ ಇರುತ್ತದೆ. ಅದರ ಮೇಲೆ ಕಂಬ ನೆಟ್ಟರೆ ಕಂಬವೂ ಹೊರಡುತ್ತದೆ. ಅದಕ್ಕೇ ಅಲ್ಲಿ ಭಾರೀ ಚೇರ್‌ಲಿಫ್ಟಿಗಿಂತ, ಆಗಾಗ ಸರಿಪಡಿಸಿ ನಿಲ್ಲಿಸಬಹುದಾದ ಎಳೆಯುವ ಲಿಫ್ಟ್‌ಗಳೇ ಜಾಸ್ತಿ. ಹಗ್ಗದಿಂದ ತಲೆಕೆಳಗಾದ ಟಿ ಆಕಾರದ ಕೋಲು ನೇತಾಡುತ್ತಾ ಬರುತ್ತದೆ. ಒಂದು ಕೋಲಿಗೆ ಇಬ್ಬರು. ಕೂರಬಾರದು. ಕೂತರೆ ಬಿದ್ದೆವು. ಒರಗಿ ನಿಂತರೆ ಅದೇ ಎಳೆದುಕೊಂಡು ಹೋಗುತ್ತದೆ. ಎತ್ತರ ಸಮ ಇದ್ದರೆ ಸುಖ. ನಮ್ಮ ಎತ್ತರ ಎಲ್ಲರಿಗೂ ಗೊತ್ತು. ನಿನ್ನ ಸೊಂಟದ ಕೆಳಗೆ ಬಂದ ಕೋಲು ನನ್ನ ಬೆನ್ನಿಗೆ ಬರುತ್ತದೆ. ನಮ್ಮ ಸ್ಕೂಟರ್ ಪ್ರಯಾಣ ನೆನಪು ಮಾಡಿಕೋ, ನೀಲಿ ಬಕೆಟ್ ಬಿಟ್ಟು.

ಇಷ್ಟೆಲ್ಲ ಬರೆಯುವುದು ನನಗೆ ಸಲೀಸು. ಎಷ್ಟು ವರ್ಷದಿಂದ ಇದನ್ನೇ ಮಾಡಿದ್ದೇವೆ. ಆದರೆ ನಿನ್ನ ಮೆಸೇಜ್ ಬಂದ ಮೇಲೆ ತಾರೀಖು ಹಾಕೋಣ ಅಂತ ಕೂತಾಗ ಹಳೆಯ ಒಂದು ಸುದ್ದಿ ಮತ್ತೆ ಕಣ್ಣಿಗೆ ಬಿತ್ತು. 2022ರ ಜುಲೈ 25ರಂದು ಸ್ವಿಟ್ಜರ್ಲೆಂಡ್ ಮೇಲೆ ಉಷ್ಣತೆ ಸೊನ್ನೆಗೆ ಇಳಿಯುವ ಎತ್ತರ 5,184 ಮೀಟರ್ ಆಗಿತ್ತು. ಜರ್ಮಾಟ್‌ನ ದೊಡ್ಡ ಬೆಟ್ಟ, ಮ್ಯಾಟರ್‌ಹಾರ್ನ್ ಶಿಖರದ ಎತ್ತರ 4,478. ಅಂದರೆ ಬೆಟ್ಟದ ತುದಿಗಿಂತ 700 ಮೀಟರ್ ಮೇಲೆ ಹೋದರೂ ನೀರು ನೀರಾಗಿಯೇ ಇರುತ್ತಿತ್ತು. ಅದೇ ವಾರ ಜರ್ಮಾಟ್‌ನಲ್ಲಿ ಬೇಸಿಗೆ ಸ್ಕೀಯಿಂಗ್ ನಿಲ್ಲಿಸಿದರು. ವರ್ಷವಿಡೀ ತೆರೆದಿರುವ ಜಾಗದಲ್ಲಿ! ಮರುವರ್ಷ ಆಗಸ್ಟ್‌ನಲ್ಲಿ ಆ ದಾಖಲೆಯೂ ಮುರಿಯಿತು, 5,298 ಮೀಟರ್. ಆ ಎರಡೇ ವರ್ಷದಲ್ಲಿ ಸ್ವಿಸ್ ಹಿಮನದಿಗಳು ತಮ್ಮ ಹಿಮರಾಶಿಯ ಸುಮಾರು ಹತ್ತನೇ ಒಂದು ಪಾಲು ಕಳೆದುಕೊಂಡವು. ಬೊಲಿವಿಯಾದ ಚಕಾಲ್ಟಾಯ ಗೊತ್ತಲ್ಲ, ಒಂದು ಕಾಲಕ್ಕೆ ಜಗತ್ತಿನ ಅತಿ ಎತ್ತರದ ಸ್ಕೀ ಜಾಗ ಅಂತ ಹೆಸರು ಮಾಡಿದ್ದು. 2009ಕ್ಕೆ ಅಲ್ಲಿನ ಹಿಮನದಿಯೇ ಇಲ್ಲವಾಯಿತು.

ಪರಿಸರದ ಭಾಷಣ ಅಂದುಕೊಳ್ಳಬೇಡ. ವಿಮಾನ ಹತ್ತಿ ಹಿಮ ನೋಡಲು ಹೊರಟವನಿಗೆ ಆ ಭಾಷಣ ಒಪ್ಪುವುದೂ ಇಲ್ಲ. ನನ್ನ ಹೆದರಿಕೆ ಬಹಳ ಚಿಕ್ಕದು, ಬಹಳ ಸ್ವಂತದ್ದು. ನಾವು ಈ ಜಾಗಗಳನ್ನೇ ಯಾಕೆ ಆರಿಸಿಕೊಂಡೆವು, ಯೋಚಿಸಿದ್ದೀಯಾ? ಚಳಿಗಾಲದ ಸ್ಕೀ ಊರಾಗಿದ್ದರೆ ಡಿಸೆಂಬರ್, ಜನವರಿ ಅಂತ ಒಂದು ಗಡುವು ಇರುತ್ತಿತ್ತು. ವರ್ಷವಿಡೀ ತೆರೆದಿರುತ್ತದೆ ಅಂದಾಗ ಯಾವಾಗ ಬೇಕಾದರೂ ಹೋಗಬಹುದು. ಯಾವಾಗ ಬೇಕಾದರೂ ಹೋಗಬಹುದು ಅಂದರೆ ಈ ವರ್ಷ ಹೋಗದಿದ್ದರೂ ನಡೆಯುತ್ತದೆ. ಅದು ನಮಗೆ ಎಷ್ಟು ಅನುಕೂಲ ಆಯಿತು ಅಂದರೆ, ಹೋಗುವುದೇ ಬೇಡ ಆಗಿಹೋಯಿತು.

ಈಗ ಉಳಿದ ಓದುಗರು ಸ್ವಲ್ಪ ಆ ಕಡೆ ತಿರುಗಿ.

ನನಗೆ ಕೆಲಸ ಹೋದ ಸಂಜೆ ನಿನಗೆ ಫೋನ್ ಮಾಡಿದ್ದೆ. ಕೆಲಸ ಹೋದದ್ದೇ ನಿನಗೆ ಗೊತ್ತಿಲ್ಲ, ಈಗ ಗೊತ್ತಾಯಿತು ನೋಡು. "ಏನಪ್ಪಾ ವಿಶೇಷ?" ಅಂದೆ ನೀನು. ಹೇಳಬೇಕು ಅಂತಲೇ ಫೋನ್ ಮಾಡಿದ್ದು. ಆದರೆ ಬಾಯಿಂದ ಬಂದದ್ದು, "ಹಿಂಟರ್‌ಟುಕ್ಸ್‌ನಲ್ಲಿ ಹೊಸ ಹಿಮ ಬಿದ್ದಿದೆ ಕಣೋ." ಇಬ್ಬರೂ ಅಲ್ಲಿನ ವೆಬ್‌ಕ್ಯಾಮ್ ತೆರೆದು ಕೂತೆವು. ಖಾಲಿ ಲಿಫ್ಟ್ ತಿರುಗುತ್ತಿತ್ತು. ನೀನು ಬಾಡಿಗೆ ಜಾಕೆಟ್ ಒಳ್ಳೆಯದೋ ಕೊಳ್ಳುವುದು ಒಳ್ಳೆಯದೋ ಅಂತ ಅರ್ಧ ಗಂಟೆ ವಾದಿಸಿದೆ. ಅಂಥ ಹಿತ ನನಗೆ ಬೇರೆ ಯಾರಿಂದಲೂ ಸಿಕ್ಕಿರಲಿಲ್ಲ ಆ ವಾರ. ನಿನ್ನ ಕಡೆಯಿಂದಲೂ ಇಂಥ ಸಂಜೆಗಳು ಇದ್ದಿರಬೇಕು. ನೀನು ಒಮ್ಮೆ ರಾತ್ರಿ ಒಂದೂವರೆಗೆ ಗ್ಲೌಸ್ ಬಗ್ಗೆ ಕೇಳಿದ್ದೆ. ಅದು ಗ್ಲೌಸ್ ವಿಷಯ ಆಗಿರಲಿಲ್ಲ ಅಂತ ನನಗೆ ಅನುಮಾನ. ನಾನು ಕೇಳಲಿಲ್ಲ, ನೀನು ಹೇಳಲಿಲ್ಲ, ಗ್ಲೌಸ್ ಬಗ್ಗೆ ಮಾತ್ರ ಬಹಳ ವಿವರವಾಗಿ ಮಾತಾಡಿದೆವು.

ಹೋಗಿ ಬಂದ ಮೇಲೆ ಏನು ಮಾತಾಡುವುದು, ದೊರೆ? ಇದೇ ನನ್ನ ಹೆದರಿಕೆ. ಈ ಪ್ಲಾನ್ ಒಂದಿಲ್ಲದಿದ್ದರೆ ನಮ್ಮ ನಡುವೆ ಇನ್ನೇನಿದೆ ಅಂತ ನನಗೆ ನಿಜವಾಗಿಯೂ ಗೊತ್ತಿಲ್ಲ. ಆ ಗೊಂಡೋಲದಲ್ಲಿ ಎದುರು ಬದುರು ಕೂತು ಒಂಬತ್ತು ನಿಮಿಷ. ನೋಡಬೇಕಾದ ಲಿಫ್ಟಿನ ಒಳಗೇ ಕೂತಿರುತ್ತೇವೆ, ವೆಬ್‌ಕ್ಯಾಮ್ ತೆರೆಯಲೂ ಆಗುವುದಿಲ್ಲ. ನೀನು "ಏನಪ್ಪಾ ವಿಶೇಷ?" ಅಂದುಬಿಟ್ಟರೆ?

ಸರಿ, ಸಾಕು. ಎಲ್ಲರೂ ಈ ಕಡೆ ತಿರುಗಬಹುದು. ಎತ್ತರದಲ್ಲಿ ಆಮ್ಲಜನಕ ಕಮ್ಮಿಯಾದರೆ ಮನುಷ್ಯ ಏನೇನೋ ಮಾತಾಡುತ್ತಾನಂತೆ. ನನಗೆ ಕುರ್ಚಿಯಲ್ಲಿ ಕೂತೇ ಆಗುತ್ತಿದೆ.

ಕೆಲಸದ ಮಾತಿಗೆ ಬರೋಣ. ಮಧ್ಯಾಹ್ನಗಳು ಖಾಲಿ ಇರುವುದರಿಂದ ಒಂದು ದಿನ ಊರಿನ ಮ್ಯೂಸಿಯಂಗೆ. 1865ರ ಜುಲೈ 14ರಂದು ಮ್ಯಾಟರ್‌ಹಾರ್ನ್ ಮೊದಲು ಹತ್ತಿದ ಏಳು ಜನರಲ್ಲಿ ನಾಲ್ವರು ಇಳಿಯುವಾಗ ಬಿದ್ದು ಸತ್ತರು. ಅವತ್ತು ತುಂಡಾದ ಹಗ್ಗ ಅಲ್ಲಿದೆ. ನೋಡಿದರೆ ಇಷ್ಟು ಸಣ್ಣದಾ ಅನ್ನಿಸುತ್ತದಂತೆ. ಇನ್ನೊಂದು ಮಧ್ಯಾಹ್ನ ಗೊರ್ನೆರ್‌ಗ್ರಾಟ್ ಬೆಟ್ಟ ಹತ್ತುವ ರೈಲು, 1898ರಿಂದ ಓಡುತ್ತಿರುವುದು. ವಿಮೆ ಮಾತ್ರ ಮರೆಯಬೇಡ. ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋದರೆ ಅಲ್ಲಿ ಬಿಲ್ ನಮ್ಮ ಹೆಸರಿಗೇ ಬರುತ್ತದೆ.

ಇನ್ನು ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ. ಬಾಡಿಗೆ ಅಂಗಡಿಯಲ್ಲಿ ಸ್ಕೀ ಕೊಡುವ ಮೊದಲು ಒಂದು ಫಾರಂ ತುಂಬಿಸುತ್ತಾರೆ. ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ, ಎಷ್ಟು ಚೆನ್ನಾಗಿ ಸ್ಕೀ ಮಾಡುತ್ತೀರಿ ಅನ್ನುವುದು. ಅದರ ಮೇಲೆ ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕು ಅಂತ ಲೆಕ್ಕ. ತೂಕ ಕಮ್ಮಿ ಹೇಳಿದರೆ ಸ್ಕೀ ಬೇಡದ ಕಡೆ ಬಿಚ್ಚಿಕೊಳ್ಳುತ್ತದೆ. ನಾನು ಭಾರೀ ಪಂಟರ್ ಅಂತ ಬರೆದರೆ ಬಿಚ್ಚಬೇಕಾದಾಗ ಬಿಚ್ಚುವುದಿಲ್ಲ, ಮಂಡಿ ತಿರುಚಿಕೊಳ್ಳುತ್ತದೆ. ಐವತ್ತು ತುಂಬಿದವರಿಗೆ ಚಾರ್ಟಿನಲ್ಲಿ ಒಂದು ಸಾಲು ಮೇಲೆ ಹೋಗಿ ಸಡಿಲ ಮಾಡುತ್ತಾರೆ. ನಮಗಾಗಿ ಯಾರೋ ಒಂದು ಸಾಲು ಕಾದಿಟ್ಟಿದ್ದಾರೆ ನೋಡು, ಕೇಳದೆಯೇ.

ಹಾಗಾಗಿ ವಯಸ್ಸು ನಿಜ ಹೇಳು, ಧೈರ್ಯ ಕಮ್ಮಿ ಹೇಳು. ಆಗಸ್ಟ್ ಎರಡನೇ ವಾರ, ಗುರುವಾರ ಹೊರಡುವುದು. ರೂಮಿಗೆ ಮುಂಗಡ ಕಟ್ಟಿಯಾಗಿದೆ, ವಾಪಸ್ ಕೊಡದ ಥರದ್ದು. ಬೂಟಿನ ಅಳತೆ, ಎತ್ತರ, ತೂಕ ಮೂರನ್ನೂ ಇವತ್ತೇ ಕಳಿಸು. ತೂಕವನ್ನು ಮಾತ್ರ ಎಲ್ಲರೆದುರು ಬರೆಯಬೇಡ. ಅತ್ತಿಗೆ ಇದನ್ನು ಓದುತ್ತಾರೆ, ಅವರ ಹತ್ತಿರ ಬೇರೆ ಲೆಕ್ಕ ಇದೆ.

ಇಂತಿ ನಿನ್ನ,
ಟಿ-ಬಾರ್‌ನ ಎಡಗಡೆಯವನು