ಕಣ್ಣೀರು ಯಾವ ಪುಟದಲ್ಲಿ ಬಂತು?

ಪ್ರೀತಿಯ ತಂಗಿ,

ಈ ವರ್ಷ ನೀನು ಮೆಚ್ಚಿದ ಕಾದಂಬರಿ, ಕಥಾಸಂಕಲನಗಳ ಪಟ್ಟಿ ಕೈಸೇರಿತು. ಇಷ್ಟೊಂದು ಓದಿದ್ದೀಯಲ್ಲ ಎಂದು ಖುಷಿಯಾಯಿತು. ಆದರೆ ಹೆಸರುಗಳ ಮುಂದೆ ‘ಅದ್ಭುತ’, ‘ಕಣ್ಣೀರು ತರಿಸಿತು’ ಎಂದಷ್ಟೇ ಬರೆದಿದ್ದೀಯ. ಓದುವವಳಿಗೆ ಅಷ್ಟು ಸಾಕು, ಕಥೆ ಬರೆಯಲು ಕುಳಿತವಳಿಗೆ ಸಾಲದು. ಕಣ್ಣೀರು ಯಾವ ಪುಟದಲ್ಲಿ ಬಂತು, ಲೇಖಕರು ಅದಕ್ಕೆ ಎಷ್ಟು ಹಿಂದಿನಿಂದ ತಯಾರಿ ನಡೆಸಿದ್ದರು ಎಂಬುದನ್ನು ನೀನು ಮರಳಿ ಹೋಗಿ ಹುಡುಕಬೇಕು.

ನನ್ನ ಈ ವರ್ಷದ ಓದಿನಲ್ಲಿ ಎಲ್ಲಕ್ಕಿಂತ ಮೇಲೆ ನಿಂತದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರ ಕಾದಂಬರಿ, ನನಗೆ ಇದು ಮರುಓದು. ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಎಂಬ ಅದರ ಮೊದಲ ಮಾತು ಭಾಷಣಗಳಲ್ಲಿ ಸವೆದುಹೋಗಿದೆ. ಆ ಮಾತನ್ನು ಕವಿ ಹೇಗೆ ನಡೆಸಿಕೊಟ್ಟರು ಎಂದು ತಿಳಿಯಬೇಕಾದರೆ, ಅದರ ಪಾತ್ರಗಳಲ್ಲೊಬ್ಬನಾದ ಗುತ್ತಿಯ ನಾಯಿ ಹುಲಿಯನ ಹಿಂದೆ ಹೋಗು. ಗುತ್ತಿ ಹೋದಲ್ಲೆಲ್ಲ ಅದೂ ಇರುತ್ತದೆ. ಅಷ್ಟು ದೊಡ್ಡ ಕಾದಂಬರಿಯ ಜನಜಂಗುಳಿಯಲ್ಲಿ ಅದನ್ನು ನಾವು ಮರೆತೇಬಿಡುತ್ತೇವೆ. ಕೊನೆಗೆ ತಾನು ಮೆಚ್ಚಿದ ತಿಮ್ಮಿಯೊಂದಿಗೆ ಹೊಳೆ ದಾಟುವ ಗುತ್ತಿಯ ಕಣ್ಣೆದುರೇ ತುಂಬಿ ಹರಿಯುವ ತುಂಗೆ ಹುಲಿಯನನ್ನು ಸೆಳೆದುಕೊಂಡು ಹೋಗುತ್ತದೆ. ಈ ಸಲವೂ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆಮೇಲೆ ನಾಯಿ ಕಾಣಿಸಿಕೊಳ್ಳುವ ಪುಟಗಳನ್ನೆಲ್ಲ ಮತ್ತೆ ತಿರುವಿದೆ. ಅದರ ಮೇಲೆ ಮರುಕ ಹುಟ್ಟಿಸುವ ಆತುರ ಎಲ್ಲಿಯೂ ಇಲ್ಲ. ಅದು ಸುಮ್ಮನೆ ಜೊತೆಗಿರುತ್ತದೆ, ಅಷ್ಟೇ. ಜೊತೆಗಿದ್ದದ್ದು ಇಲ್ಲವಾದಾಗ ನಮಗೆ ತಡೆಯಲಾಗುವುದಿಲ್ಲ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇದಕ್ಕೆ ತೀರಾ ಬೇರೆ ಜಾತಿಯದು. ಒಂದೇ ಕೂತಲ್ಲಿ ಮುಗಿಯುತ್ತದೆ. ಹಳೆಯ ಪುಟ್ಟ ಮನೆಯಲ್ಲಿ ಆ ಕುಟುಂಬ ಇರುವೆಗಳ ಮೇಲೆ ಯುದ್ಧಕ್ಕೆ ನಿಲ್ಲುವ ಭಾಗವನ್ನು ನೀನು ನಕ್ಕು ಓದಿರಬಹುದು, ಬಡ ಸಂಸಾರದ ರೇಜಿಗೆ ಎಂದುಕೊಂಡಿರಬಹುದು. ಆಮೇಲೆ ಹಣ ಬರುತ್ತದೆ, ಮನೆ ಬದಲಾಗುತ್ತದೆ. ಕೊನೆಯಲ್ಲಿ ಕಥೆ ಹೇಳುವವನ ಹೆಂಡತಿ ಅನಿತಾಳಿಗೆ ಏನಾಯಿತೆಂದು ಕಾದಂಬರಿ ಹೇಳುವುದಿಲ್ಲ. ಆದರೆ ತಮಗೆ ತೊಂದರೆ ಕೊಡುವ ಜೀವವನ್ನು ಇವರೆಲ್ಲ ಒಟ್ಟಾಗಿ ಏನು ಮಾಡುತ್ತಾರೆ ಎಂಬುದನ್ನು ನಾವು ಆಗಲೇ ನೋಡಿಬಿಟ್ಟಿದ್ದೇವೆ!

ಬಾನು ಮುಷ್ತಾಕ್ ಅವರನ್ನು ಈಗ ಬಹಳ ಜನ 2025ರ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿಯ ನೆಪದಲ್ಲಿ ಓದುತ್ತಿದ್ದಾರೆ. ಆಗಲಿ, ಯಾವ ನೆಪವಾದರೂ ಒಳ್ಳೆಯದೇ. ನೀನು ಮಾತ್ರ ಕನ್ನಡದಲ್ಲೇ ಓದು. ‘ಎದೆಯ ಹಣತೆ’ ಕಥೆಯಲ್ಲಿ ಗಂಡನಿಂದ ನೊಂದು ತವರಿಗೆ ಬಂದ ಮೆಹರುನ್‌ಗೆ ಆಸರೆ ಸಿಗುವುದಿಲ್ಲ. ನಿನಗೆ ಮನೆತನದ ಮಾನದ ಬಗ್ಗೆ ಕಾಳಜಿಯಿದ್ದಿದ್ದರೆ ನೀನು ಬೆಂಕಿ ಹಚ್ಚಿಕೊಂಡು ಸಾಯುತ್ತಿದ್ದೆ ಎಂಬರ್ಥದ ಮಾತು ತವರಿನವರ ಬಾಯಲ್ಲಿ ಬಂದು ಹೋಗುತ್ತದೆ. ಮಾತಿನ ಭರದಲ್ಲಿ ಅದು ದಾಟಿಹೋಗುತ್ತದೆ. ರಾತ್ರಿ ಅವಳ ಕೈ ಸೀಮೆಎಣ್ಣೆಯ ಕಡೆಗೆ ಚಾಚಿದಾಗ ಆ ಮಾತು ಎಲ್ಲಿಗೂ ಹೋಗಿರಲಿಲ್ಲ ಎಂದು ತಿಳಿಯುತ್ತದೆ. ಮಗಳು ಸಲ್ಮಾ ಓಡಿಬಂದು ತಬ್ಬಿಕೊಳ್ಳದೆ ಇದ್ದಿದ್ದರೆ ಎಂದು ನೆನೆಯಲೂ ಆಗುವುದಿಲ್ಲ.

ಇನ್ನೂ ಕೆಲವನ್ನು ಓದಿದೆ, ಚೆನ್ನಾಗಿದ್ದವು. ಮತ್ತೆ ಕೈಗೆತ್ತಿಕೊಳ್ಳಬೇಕು ಎನಿಸಲಿಲ್ಲ, ಆದ್ದರಿಂದ ಬರೆಯುತ್ತಿಲ್ಲ.

ಈಗ ನೀನು ಕಳಿಸಿದ ಕಥೆಯ ಮಾತು. ತಾಯಿ ಬಳೆ ಅಡವಿಡುವ ಜಾಗದಲ್ಲಿ ಅವಳ ಸಂಕಟವನ್ನು ಒಂದು ಪುಟದಷ್ಟು ಬಣ್ಣಿಸಿದ್ದೀಯ. ಅದನ್ನು ತೆಗೆದುಬಿಡು. ಕಥೆಯ ಮೊದಲಲ್ಲೇ, ಅವಳು ಹಿಟ್ಟು ನಾದುವಾಗ ಆ ಬಳೆಯನ್ನು ಮೊಣಕೈವರೆಗೆ ಸರಿಸಿಕೊಳ್ಳುವುದನ್ನು ಒಂದು ಸಲ ತೋರಿಸು. ಅಡವಿಡುವ ದಿನ ಅದು ಸಲೀಸಾಗಿ ಕೈಬಿಟ್ಟು ಬಂತೇ, ಸೋಪು ಹಚ್ಚಬೇಕಾಯಿತೇ? ನನಗೆ ಅದು ಬೇಕು. ತಿದ್ದಿದ ಪ್ರತಿಯ ಜೊತೆಗೆ ನಿನ್ನ ಪಟ್ಟಿಯಿಂದ ಮೂರೇ ಪುಸ್ತಕ ಆರಿಸಿ, ಪುಟಸಂಖ್ಯೆ ಹಾಕಿ ಬರೆದು ಕಳಿಸು. ಯುಗಾದಿಯೊಳಗೆ ಬಂದರೆ ಸಾಕು.

ಇಂತಿ,
ನಿನ್ನ ಅಕ್ಕ